ಹಳೇ ಜಿಪ್ಸಿಗೆ 2 ಇಂಚು ಲಿಫ್ಟ್: ಅಳತೆ ಟೇಪಿನಿಂದ ಶುರು ಮಾಡಿ

ಜಿಪ್ಸಿ ಎತ್ತರ ಮಾಡಿಸಬೇಕು ಅನ್ನುವವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಗಾಡಿ ಈಗ ಎಷ್ಟು ಎತ್ತರ ಇದೆ? ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ವರ್ಷಗಟ್ಟಲೆ ಎಸ್ಟೇಟಿನಲ್ಲಿ ಗೊಬ್ಬರದ ಮೂಟೆ ಹೊತ್ತ ಗಾಡಿ, ಇಲ್ಲಾ ಮಿಲಿಟರಿ ಹರಾಜಿನಿಂದ ಬಂದ ಗಾಡಿ. ಸ್ಪ್ರಿಂಗ್ ಪ್ಲೇಟುಗಳ ಕಮಾನು ಹೋಗಿ ಹಿಂಭಾಗ ತಾನಾಗಿಯೇ ಕೂತಿರುತ್ತದೆ. ಅಂಥದ್ದಕ್ಕೆ ಕಂಪನಿ ಅಳತೆಯ ಹೊಸ ಪ್ಲೇಟ್ ಸೆಟ್ಟು, ಹೊಸ ಬುಷ್ (ಸ್ಪ್ರಿಂಗ್ ತುದಿಯ ರಬ್ಬರ್ ಉಂಗುರ) ಹಾಕಿ ನೋಡಿ. ಎಷ್ಟೋ ಸಲ ಬೇಕಾಗಿದ್ದ ಎತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಲಿಫ್ಟ್ ಮಾತು ಆಮೇಲೆ.

ಇಲ್ಲಿ ಹೇಳುತ್ತಿರುವುದು ಮಾರುತಿ ಜಿಪ್ಸಿಗೆ. 1985ರಲ್ಲಿ ಬಂದ 970 ಸಿಸಿಯ ಎಂಜಿ410 ಆಗಲಿ, ಆಮೇಲೆ ಬಂದ 1.3 ಲೀಟರ್ ಕಿಂಗ್ ಆಗಲಿ, ಕೆಳಗಿನ ಲೆಕ್ಕಾಚಾರ ಒಂದೇ: ಏಣಿಯಂಥ ಶಾಸಿ, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕು ಮೂಲೆಗೂ ಪ್ಲೇಟ್ ಸ್ಪ್ರಿಂಗ್. ನಾಲ್ಕೂ ಕಡೆ ಪ್ಲೇಟ್ ಇರುವ ಹಳೇ ಮಹೀಂದ್ರ ಜೀಪಿಗೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ, ಅಳತೆ ಮಾತ್ರ ಬೇರೆ. ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗಳ ಕಥೆಯೇ ಬೇರೆ, ಅವುಗಳಿಗೆ ಇದನ್ನು ಹಚ್ಚಬೇಡಿ.

ಲಿಫ್ಟ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಸ್ಪ್ರಿಂಗ್ ಎತ್ತರ ಮಾಡಿದರೆ ಏರುವುದು ಶಾಸಿ, ಬಾಡಿ, ಗೇರ್ ಬಾಕ್ಸು, ಹಿಂದೆ ಮುಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು. ಆಕ್ಸಲ್ ಮಧ್ಯದಲ್ಲಿ ನೇತಾಡುವ ಕ್ರೌನ್ ಹೌಸಿಂಗ್ (ಕ್ರೌನ್ ಗೇರಿನ ಉಂಡೆ ಪೆಟ್ಟಿಗೆ) ಇದ್ದಲ್ಲೇ ಇರುತ್ತದೆ. ಕಲ್ಲು ಮೊದಲು ತಾಗುವುದು ಅದಕ್ಕೇ ತಾನೇ? ಅದು ಏರಬೇಕು ಅಂದರೆ ಟೈರು ದೊಡ್ಡದಾಗಬೇಕು, ಬೇರೆ ದಾರಿ ಇಲ್ಲ.

ಲೆಕ್ಕ ಹಾಕಿ ನೋಡಿ. ಕಿಂಗ್‌ಗೆ ಕಂಪನಿ ಕೊಟ್ಟ 205/70 ಆರ್ 15 ಟೈರಿನ ಎತ್ತರ ಸುಮಾರು 668 ಮಿ.ಮೀ. 215/75 ಆರ್ 15 ಹಾಕಿದರೆ ಸುಮಾರು 704. ವ್ಯತ್ಯಾಸದ ಅರ್ಧ, ಅಂದರೆ 18 ಮಿ.ಮೀ. ಮಾತ್ರ ಹೌಸಿಂಗ್ ಮೇಲೆ ಹೋಗುತ್ತದೆ. 235/75 ಆರ್ 15 ಹಾಕಿದರೆ 33 ಮಿ.ಮೀ. ಇಷ್ಟು ದೊಡ್ಡ ಟೈರು ಸ್ಟೀರಿಂಗ್ ತಿರುಗಿಸಿದಾಗ ಬಾಡಿಗೆ ಉಜ್ಜಬಾರದು ಅಂತಲೇ ಮುಖ್ಯವಾಗಿ ಲಿಫ್ಟ್ ಬೇಕಾಗುವುದು. ಜೊತೆಗೆ ದಿಬ್ಬ ಹತ್ತುವಾಗ ಬಂಪರ್, ದಿಬ್ಬದ ನೆತ್ತಿ ದಾಟುವಾಗ ಗಾಡಿಯ ಹೊಟ್ಟೆ ತಾಗುವುದು ಕಡಿಮೆಯಾಗುತ್ತದೆ.

ಎಷ್ಟು ಎತ್ತಬೇಕು? ನನ್ನ ಅಭಿಪ್ರಾಯ ನೇರ: ರಸ್ತೆಯಲ್ಲೂ ಓಡುವ ಜಿಪ್ಸಿಗೆ 2 ಇಂಚು ಸಾಕು. ಅದರ ಒಳಗೆ ಇದ್ದರೆ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟು, ಸ್ಟೀರಿಂಗ್ ಲಿಂಕು ಸಾಮಾನ್ಯವಾಗಿ ಹೊಂದಿಕೊಂಡು ಹೋಗುತ್ತವೆ. ಅದನ್ನು ದಾಟಿದರೆ ಒಂದು ಸರಿ ಮಾಡಲು ಹೋಗಿ ಇನ್ನೊಂದು ಬಿಚ್ಚಬೇಕಾಗುತ್ತದೆ. ಜಿಪ್ಸಿಯಲ್ಲಿ ಪ್ಲೇಟುಗಳು ಆಕ್ಸಲ್ ಕೆಳಗೆ ಇರುತ್ತವೆ. ಅದನ್ನು ಆಕ್ಸಲ್ ಮೇಲೆ ಕೂರಿಸಿ 5 ಇಂಚಿಗಿಂತ ಜಾಸ್ತಿ ಎತ್ತುವವರಿದ್ದಾರೆ. ಸ್ಪರ್ಧೆಗೆ ಅಂತಲೇ ಇಟ್ಟ ಗಾಡಿಗೆ ಸರಿ. ಸ್ಟೀರಿಂಗ್ ಜೋಡಣೆ, ಶಾಫ್ಟಿನ ಉದ್ದ, ಬ್ರೇಕ್ ಹಾಕಿದಾಗ ಪ್ಲೇಟ್ ಮುರುಚಿಕೊಳ್ಳದಂತೆ ತಡೆ, ಎಲ್ಲ ಹೊಸದಾಗಿ ಕಟ್ಟಬೇಕು. ಚಕ್ರದಿಂದ ಚಕ್ರಕ್ಕೆ ಅಗಲ ಹೆಚ್ಚೆಂದರೆ 1.3 ಮೀಟರ್ ಇರುವ ಗಾಡಿ ಇದು. ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯುವ ಗಾಡಿಗೆ ಆ ಎತ್ತರ ಬೇಡವೇ ಬೇಡ.

ಕಾನೂನಿನ ಮಾತು

ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮೊದಲೇ ಇದು ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿಗೂ ಇದು ಒಳ್ಳೇ ನೆಪ. ಹಾಗಾಗಿ ಖಾಸಗಿ ಎಸ್ಟೇಟು, ಸ್ವಂತ ಜಮೀನು, ಟ್ರ್ಯಾಕಿನಲ್ಲಿ ನಡೆಯುವ ಸ್ಪರ್ಧೆ, ಇವಕ್ಕೆ ಬಳಸುವ ಗಾಡಿಯಾದರೆ ಮುಂದೆ ಹೋಗಿ. ದಿನಾ ರಸ್ತೆಗೆ ಇಳಿಯುವ ಗಾಡಿಯಾದರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಕಂಪನಿ ಎತ್ತರಕ್ಕೆ ವಾಪಸ್ ತರುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಕೆಳಗಿನ ಕೆಲಸದ ಮುಕ್ಕಾಲು ಭಾಗ ಅದಕ್ಕೂ ಹಾಗೇ ಅನ್ವಯಿಸುತ್ತದೆ.

ಮೊದಲು ಅಳತೆ

ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ. ಒಳಗೆ ಯಾರೂ ಕೂರಬಾರದು, ಸಾಮಾನು ಇರಬಾರದು, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಇರಲಿ. ಪ್ರತಿ ಚಕ್ರದ ಹಬ್ ಮಧ್ಯದಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ, ಟೈರು ಬದಲಾದರೆ ಆ ಲೆಕ್ಕ ಕೆಡುತ್ತದೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರುತ್ತದೆ, ಗಾಬರಿ ಬೇಡ. ಡ್ರೈವರ್ ಕೂರುವ ಬಲಗಡೆ ಸ್ವಲ್ಪ ಇಳಿದಿರುವುದು ಮಾಮೂಲಿ.

ಆಮೇಲೆ ನೆಲಕ್ಕೆ ಬಗ್ಗಿ ಶಾಕಲ್ ನೋಡಿ, ಅಂದರೆ ಸ್ಪ್ರಿಂಗಿನ ಒಂದು ತುದಿಯನ್ನು ಶಾಸಿಗೆ ತೂಗುಹಾಕುವ ಪಟ್ಟಿ. ಜಿಪ್ಸಿಯಲ್ಲಿ ಮುಂದಿನ ಸ್ಪ್ರಿಂಗಿನ ಶಾಕಲ್ ಮುಂತುದಿಯಲ್ಲಿದೆ, ಹಿಂದಿನದರ ಶಾಕಲ್ ಹಿಂತುದಿಯಲ್ಲಿ. ಗಾಡಿಗೆ ಭಾರ ಬಿದ್ದಾಗ ಪ್ಲೇಟ್ ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡಲು ಶಾಕಲ್ ಹೊರಕ್ಕೆ ತೂಗುತ್ತದೆ. ಅಂದರೆ ಸುಮ್ನೆ ನಿಂತಾಗ ಶಾಕಲ್‌ನ ಕೆಳತುದಿ ಸ್ವಲ್ಪ ಹೊರಗಡೆಗೆ ವಾಲಿರಬೇಕು. ಕಮಾನು ಜಾಸ್ತಿ ಇರುವ ಹೊಸ ಪ್ಲೇಟ್ ಹಾಕಿದಾಗ ಉದ್ದ ಕಡಿಮೆಯಾಗಿ ಶಾಕಲ್ ಒಳಕ್ಕೆ ಬರುತ್ತದೆ. ನೆಟ್ಟಗೆ ನಿಂತುಬಿಟ್ಟರೆ, ಇಲ್ಲಾ ಒಳಗಡೆಗೇ ವಾಲಿದರೆ, ಗುಂಡಿಗೆ ಬಿದ್ದಾಗ ಸ್ಪ್ರಿಂಗ್‌ಗೆ ಚಾಚಿಕೊಳ್ಳಲು ಆಗುವುದಿಲ್ಲ. ಬೆನ್ನಿಗೆ ಏಟು. ಲಿಫ್ಟ್ ಆದ ಮೇಲೆ ಗಾಡಿ ಕಲ್ಲಾಯಿತು ಅಂತ ದೂರುವವರಲ್ಲಿ ಅನೇಕರದ್ದು ಇದೇ ಸಮಸ್ಯೆ. ಆದ್ದರಿಂದ ಈಗಿನ ಕೋನದ ಒಂದು ಫೋಟೋ ತೆಗೆದಿಡಿ.

ಹಾಗೇ ಗಾಡಿಯ ಆರೋಗ್ಯ ನೋಡಿಬಿಡಿ. ಮುಂದಿನ ಚಕ್ರ ನೆಲ ಬಿಡುವ ಹಾಗೆ ಜಾಕ್ ಕೊಟ್ಟು, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಪಿನ್) ಬೇರಿಂಗು, ಇಲ್ಲಾ ವೀಲ್ ಬೇರಿಂಗು ಹೋಗಿದೆ. ಜಿಪ್ಸಿ ಸ್ಟೀರಿಂಗ್ ಒಂದು ವೇಗದಲ್ಲಿ ಗಡಗಡ ನಡುಗುವುದಕ್ಕೆ ಕಿಂಗ್ ಪಿನ್ ಬೇರಿಂಗೇ ದೊಡ್ಡ ಕಾರಣ. ದೊಡ್ಡ ಟೈರು ಬಿದ್ದ ಮೇಲೆ ಆ ನಡುಕ ಇಮ್ಮಡಿ. ಸ್ಪ್ರಿಂಗ್ ಹ್ಯಾಂಗರ್ ಶಾಸಿಗೆ ಸೇರುವ ಜಾಗವನ್ನು ವೈರ್ ಬ್ರಷ್ ಹಾಕಿ ಉಜ್ಜಿ ನೋಡಿ. ಮಂಗಳೂರು, ಉಡುಪಿ ಕಡೆಯ ಉಪ್ಪು ಗಾಳಿ ತಿಂದ ಗಾಡಿಗಳಲ್ಲಿ ಪೇಂಟಿನ ಕೆಳಗೆ ಬರೀ ತುಕ್ಕೇ ಇರುತ್ತದೆ. ಸ್ಕ್ರೂಡ್ರೈವರ್ ಒಳಗೆ ಹೋದರೆ ಲಿಫ್ಟ್ ಮರೆತು ಶಾಸಿ ಕೆಲಸ ಮಾಡಿಸಿ.

ಯಾವ ದಾರಿ?

ಹಳೇ ಪ್ಲೇಟುಗಳಿಗೇ ಮತ್ತೆ ಕಮಾನು ಕೊಡಿಸುವುದು ಅಗ್ಗ. ಲಾರಿ ಪ್ಲೇಟ್ ಕೆಲಸ ಮಾಡುವ ಯಾವ ಅಂಗಡಿಯಲ್ಲೂ ಬಡಿದುಕೊಡುತ್ತಾರೆ. ಆದರೆ ದಣಿದ ಉಕ್ಕು ಮತ್ತೆ ಮಲಗುತ್ತದೆ. ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುತ್ತೇವೆ ಅಂದರೆ ಗಾಡಿ ವಾಪಸ್ ತನ್ನಿ, ಹದ ಹೋದ ಪ್ಲೇಟು ಸ್ಪ್ರಿಂಗ್ ಆಗಿ ಉಳಿಯುವುದಿಲ್ಲ.

ಒಂದು ಪ್ಲೇಟ್ ಜಾಸ್ತಿ ಸೇರಿಸುವುದು ಎರಡನೇ ದಾರಿ. ಎತ್ತರ ಬರುತ್ತದೆ, ಜೊತೆಗೆ ಬಿಗಿಯೂ ಬರುತ್ತದೆ. ಖಾಲಿ ಜಿಪ್ಸಿ ತೂಗುವುದೇ 1 ಟನ್ನಿನ ಆಸುಪಾಸು. ಅದಕ್ಕೆ ಬಿಗಿ ಜಾಸ್ತಿಯಾದರೆ ಚಕ್ರ ನೆಲ ಹಿಡಿಯುವ ಬದಲು ಎಗರುತ್ತದೆ. ಸದಾ ಭಾರ ಹೊರುವ ಎಸ್ಟೇಟ್ ಗಾಡಿಯ ಹಿಂಭಾಗಕ್ಕೆ ಮಾತ್ರ ಇದು ಒಪ್ಪುತ್ತದೆ.

ಉದ್ದ ಶಾಕಲ್ ಮೂರನೆಯದು. 1 ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಅರ್ಧ ಇಂಚು. ಶಾಕಲ್ ಒಂದರಲ್ಲೇ 2 ಇಂಚು ತರಬೇಕಾದರೆ 4 ಇಂಚು ಉದ್ದ ಮಾಡಬೇಕು, ಆಗ ತಿರುವಿನಲ್ಲಿ ಗಾಡಿ ಅಡ್ಡಕ್ಕೆ ತೂಗಾಡುತ್ತದೆ. ಮುಂದಿನ ಶಾಕಲ್ ಉದ್ದ ಮಾಡಿದರೆ ಇನ್ನೊಂದು ತೊಂದರೆ, ಅದನ್ನು ಮುಂದೆ ಹೇಳುತ್ತೇನೆ. ಶಾಕಲ್ ಕೋನ ಸರಿ ಮಾಡಲು ಅರ್ಧ ಮುಕ್ಕಾಲು ಇಂಚು ಉದ್ದದ್ದು ಹಾಕುವುದು ಪರವಾಗಿಲ್ಲ. ಮುಂದಿನ ಆಕ್ಸಲ್‌ಗೆ ಕಬ್ಬಿಣದ ಬ್ಲಾಕ್ ಕೊಟ್ಟು ಎತ್ತುವುದಂತೂ ಬೇಡ. ಬ್ರೇಕ್ ಒತ್ತಿದಾಗ ಬ್ಲಾಕ್ ಜಾರಿದರೆ ಸ್ಟೀರಿಂಗ್ ನಿಮ್ಮ ಕೈಯಲ್ಲಿ ಇರುವುದಿಲ್ಲ.

ನನ್ನ ಆಯ್ಕೆ ಪೂರ್ತಿ ಹೊಸ ಸೆಟ್ಟು. ಓಲ್ಡ್ ಮ್ಯಾನ್ ಎಮು ತರಹದ ಹೊರದೇಶದ ಕಿಟ್ ಹಾಕುವವರೂ ಇದ್ದಾರೆ, ಇಲ್ಲೇ ಅಳತೆ ಕೊಟ್ಟು ಮಾಡಿಸುವವರೂ ಇದ್ದಾರೆ. ಇಲ್ಲಿ ಮಾಡಿಸುವುದಾದರೆ ಪ್ಲೇಟ್ ದಪ್ಪವಾಗಿ, ಸಂಖ್ಯೆ ಕಡಿಮೆ ಇರುವುದಕ್ಕಿಂತ, ತೆಳ್ಳಗೆ ಇದ್ದು ಸಂಖ್ಯೆ ಜಾಸ್ತಿ ಇರುವ ಸೆಟ್ ಕೇಳಿ. ನಾಲ್ಕೂ ಒಟ್ಟಿಗೆ ಬದಲಾಯಿಸಿ. ಒಂದು ಹಳತು ಒಂದು ಹೊಸತು ಹಾಕಿದರೆ ಗಾಡಿ ಓರೆಯಾಗಿ ನಿಲ್ಲುತ್ತದೆ.

ಏನೇನು ತರಬೇಕು

ಸ್ಪ್ರಿಂಗ್ ಸೆಟ್ ನಾಲ್ಕು. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಒಂದು ಸ್ಪ್ರಿಂಗ್‌ಗೆ ಎರಡರಂತೆ ಎಂಟು, ಹದಿನಾರು ಹೊಸ ನಟ್ಟಿನ ಸಮೇತ. ಬಿಚ್ಚಿದ ಯು ಬೋಲ್ಟ್ ಎಳೆದು ಹಿಗ್ಗಿರುತ್ತದೆ, ಅದನ್ನೇ ಮತ್ತೆ ಹಾಕಬೇಡಿ. ಹೊಸ ಸೆಟ್ ದಪ್ಪವಾಗಿದ್ದರೆ ಯು ಬೋಲ್ಟಿನ ಉದ್ದವೂ ಅಷ್ಟೇ ಜಾಸ್ತಿ ಬೇಕು. ಬುಷ್ ಒಂದು ಸ್ಪ್ರಿಂಗ್‌ಗೆ ಮೂರು ಕಡೆ ಬರುತ್ತದೆ, ಒಟ್ಟು 12 ಕಡೆಗೆ ಲೆಕ್ಕ ಹಾಕಿ. ಪಿನ್ನು, ನೈಲಾಕ್ ನಟ್ಟು, ಉದ್ದದ ಶಾಕ್ ಅಬ್ಸಾರ್ಬರ್ ನಾಲ್ಕು, ಬ್ರೇಕ್ ಹೋಸು, ಮುಂದಿನ ಆಕ್ಸಲ್‌ಗೆ ಉಕ್ಕಿನ ಓರೆ ಶಿಮ್ (ಒಂದು ತುದಿ ದಪ್ಪ ಇರುವ ಬಿಲ್ಲೆ) ಒಂದು ಜೊತೆ. ಅಲ್ಯೂಮಿನಿಯಂ ಶಿಮ್ ಕೊಟ್ಟರೆ ಬೇಡ ಅನ್ನಿ, ಬಿರುಕು ಬಿಡುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರೋಡಿನಲ್ಲಿ ಸುತ್ತಾಡಿದರೆ ಇದರಲ್ಲಿ ಬಹುಪಾಲು ಸಿಗುತ್ತದೆ. ಹಳೇ ಯು ಬೋಲ್ಟ್ ಒಂದನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋದರೆ ಅಂಗಡಿಯವನಿಗೆ ವಿವರಿಸುವ ಕಷ್ಟ ತಪ್ಪುತ್ತದೆ.

ಶಾಕ್ ಅಬ್ಸಾರ್ಬರ್ ಉದ್ದವನ್ನು ಅಂದಾಜಿನಲ್ಲಿ ತರಬೇಡಿ. ಸ್ಪ್ರಿಂಗ್ ಹಾಕಿ ಗಾಡಿ ನೆಲಕ್ಕೆ ಇಳಿದ ಮೇಲೆ, ಶಾಕ್ ಕೂರುವ ಮೇಲಿನ ಕೆಳಗಿನ ಪಿನ್‌ಗಳ ನಡುವಿನ ಅಂತರ ಅಳೆಯಿರಿ. ಆಕ್ಸಲ್‌ನಿಂದ ಅದು ಶಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಎಷ್ಟಿದೆ ಅಂತಲೂ ಅಳೆಯಿರಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಉದಾಹರಣೆಗೆ 400ರಲ್ಲಿ 90 ಕಳೆದರೆ 310 ಮಿ.ಮೀ. ಪೂರ್ತಿ ಒತ್ತಿದಾಗ ಶಾಕ್ ಇದಕ್ಕಿಂತ ಒಂದು ಇಂಚಾದರೂ ಚಿಕ್ಕದಾಗಬೇಕು, ರಬ್ಬರೂ ಒತ್ತಿಕೊಳ್ಳುತ್ತದಲ್ವಾ. ಇಲ್ಲದಿದ್ದರೆ ಬಂಪ್ ಸ್ಟಾಪಿಗೆ ತಾಗಬೇಕಾದ ಏಟು ಶಾಕ್‌ನ ಹೊಟ್ಟೆಗೆ ಬಿದ್ದು ಸೀಲ್ ಒಡೆಯುತ್ತದೆ. ಅಂಥ ಶಾಕ್ ಸಿಗದಿದ್ದರೆ ಬಂಪ್ ಸ್ಟಾಪ್ ಕೆಳಗಿಳಿಸಿ.

ಹಿಂದಿನ ಆಕ್ಸಲ್‌ನಿಂದ ಶುರು

ಹಿಂದೆ ಸ್ಟೀರಿಂಗ್ ತಲೆನೋವಿಲ್ಲ, ಕೈ ಪಳಗುತ್ತದೆ. ಕೆಲಸದ ಹಿಂದಿನ ದಿನವೇ ಎಲ್ಲ ನಟ್, ಪಿನ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಡಿ.

ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಹಿಂದೆ ಎತ್ತಿದ ಮೇಲೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದ ಹಾಗೆ. ಚಕ್ರದ ನಟ್ ನೆಲದಲ್ಲಿದ್ದಾಗಲೇ ಸಡಿಲಿಸಿ. ಗಾಡಿ ಎತ್ತಿ ಶಾಸಿಯ ಕೆಳಗೆ, ಹಿಂದಿನ ಸ್ಪ್ರಿಂಗಿನ ಮುಂದಿನ ಹ್ಯಾಂಗರ್‌ಗಿಂತ ಸ್ವಲ್ಪ ಮುಂದೆ, ಎರಡೂ ಕಡೆ ಜಾಕ್ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಇಡಬೇಡಿ. ಬ್ಲಾಕ್ ಒಡೆಯುವ ಮೊದಲು ಸದ್ದು ಮಾಡುವುದಿಲ್ಲ. ಸ್ಟ್ಯಾಂಡ್ ಇಟ್ಟ ಮೇಲೆ ಗಾಡಿಯನ್ನು ಜೋರಾಗಿ ಅಲ್ಲಾಡಿಸಿ, ಗಟ್ಟಿ ಇದೆ ಅನ್ನಿಸಿದ ಮೇಲೇ ಕೆಳಗೆ ಹೋಗಿ. ಆಕ್ಸಲ್‌ಗೆ ಬೇರೆ ಟ್ರಾಲಿ ಜಾಕ್ ಕೊಟ್ಟು ಅದರ ಭಾರ ಮಾತ್ರ ಹಿಡಿದುಕೊಳ್ಳಿ.

ಚಕ್ರ ತೆಗೆಯಿರಿ, ಶಾಕ್ ಬಿಚ್ಚಿ. ಪ್ರೊಪೆಲ್ಲರ್ ಶಾಫ್ಟಿನ ಸ್ಲೈಡಿಂಗ್ ಜಾಯಿಂಟ್ ಎಲ್ಲಿವರೆಗೆ ಒಳಗಿದೆ ಅಂತ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ, ಕೊನೆಯಲ್ಲಿ ಬೇಕಾಗುತ್ತದೆ. ಶಾಸಿಯಿಂದ ಆಕ್ಸಲ್‌ಗೆ ಬರುವ ಬ್ರೇಕ್ ಹೋಸ್ ಮೇಲೆ ಕಣ್ಣಿಡಿ, ಆಕ್ಸಲ್ ಇಳಿಸುವಾಗ ಅದು ಬಿಗಿಯಾಗಬಾರದು. ಆಕ್ಸಲ್ ಮತ್ತು ಶಾಸಿ ನಡುವೆ ಬ್ರೇಕ್ ವಾಲ್ವಿನ ಸಲಾಕೆ ಇದ್ದರೆ ಅದನ್ನೂ ಕಳಚಿ. ಹೊಸ ಎತ್ತರಕ್ಕೆ ಅದನ್ನು ಮತ್ತೆ ಹೊಂದಿಸಬೇಕು, ಇಲ್ಲವಾದರೆ ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಬಲವನ್ನು ಅದು ಕಡಿಮೆ ಮಾಡುತ್ತದೆ.

ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಮಾಡಿ. ಎರಡೂ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಉರುಳಿ ಹೋಗುತ್ತದೆ, ಮತ್ತೆ ಜಾಗಕ್ಕೆ ತರಲು ಇಬ್ಬರು ಬೇಕು. ಯು ಬೋಲ್ಟ್ ನಟ್ ಬರದಿದ್ದರೆ ಗ್ರೈಂಡರ್ ಹಾಕಿ ಕತ್ತರಿಸಿ, ಹೇಗೂ ಹೊಸದು ಹಾಕುತ್ತೀರಿ. ಆದರೆ ಅಲ್ಲೇ ಹತ್ತಿರ ಬ್ರೇಕ್ ಪೈಪು, ಪೆಟ್ರೋಲ್ ಟ್ಯಾಂಕ್ ಇವೆ. ಕಿಡಿ ಹಾರುವ ಕಡೆಗೆ ಒದ್ದೆ ಗೋಣಿಚೀಲ ಮುಚ್ಚಿ, ಪೆಟ್ರೋಲ್ ವಾಸನೆ ಸ್ವಲ್ಪವೇ ಬಂದರೂ ಗ್ರೈಂಡರ್ ಮುಟ್ಟಬೇಡಿ.

ಪ್ಲೇಟ್ ಕೆಳಗಿರುವುದರಿಂದ ಯು ಬೋಲ್ಟ್ ಬಿಟ್ಟ ತಕ್ಷಣ ಅದು ಕೆಳಗೆ ಜೋಲುತ್ತದೆ. ಕಾಲು ದೂರ ಇರಲಿ. ಶಾಕಲ್ ಬಿಚ್ಚಿ, ಕೊನೆಗೆ ಮುಂದಿನ ಸ್ಥಿರ ಪಿನ್. ಮಲೆನಾಡಿನ ಮಳೆ ಕುಡಿದ ಗಾಡಿಯಲ್ಲಿ ಈ ಪಿನ್ ಬುಷ್ ಒಳಗೆ ಹಿಡಿದುಕೊಂಡಿರುತ್ತದೆ. ಸುತ್ತಿಗೆಯಲ್ಲಿ ನೇರ ಪಿನ್ ತಲೆಗೇ ಹೊಡೆದರೆ ಅಣಬೆಯಂತೆ ಅರಳಿ ಇನ್ನೂ ಸಿಕ್ಕಿಕೊಳ್ಳುತ್ತದೆ. ನಟ್ಟನ್ನು ತುದಿಗೆ ಸಮವಾಗಿ ತಿರುಗಿಸಿಟ್ಟು ಅದರ ಮೇಲೆ ಹಿತ್ತಾಳೆ ಕಂಬಿ ಇಟ್ಟು ಹೊಡೆಯಿರಿ, ನಡುನಡುವೆ ಸ್ಪ್ಯಾನರ್‌ನಲ್ಲಿ ತಿರುಗಿಸಿ.

ಹೊಸ ಪ್ಲೇಟ್ ಎತ್ತುವ ಮೊದಲು, ಪ್ಲೇಟುಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್‌ನಿಂದ ಎರಡೂ ಕಣ್ಣುಗಳವರೆಗೆ (ತುದಿಯ ಸುರುಳಿ ತೂತು) ಅಳೆದು ಹಳೆಯದರ ಜೊತೆ ಹೋಲಿಸಿ. ಎರಡೂ ಬದಿ ಸಮ ಇರದೇ ಇದ್ದರೆ ಯಾವ ತುದಿ ಮುಂದೆ ಬರಬೇಕು ಅಂತ ಈಗಲೇ ಸುಣ್ಣದಲ್ಲಿ ಗುರುತು ಹಾಕಿ. ತಿರುಗಾಮುರುಗಾ ಆದರೆ ಆಕ್ಸಲ್ಲೇ ಜಾಗ ಬದಲಿಸುತ್ತದೆ.

ಸ್ಥಿರ ಕಣ್ಣನ್ನು ಮೊದಲು ಹಾಕಿ, ಆಮೇಲೆ ಶಾಕಲ್. ಎರಡನ್ನೂ ಕೈಯಲ್ಲಿ ಬಿಗಿಯಾಗುವಷ್ಟೇ ಸಾಕು. ಆಕ್ಸಲ್ಲನ್ನು ನಿಧಾನ ಇಳಿಸಿ, ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಕೂರಬೇಕು. ಕೂತಿದೆಯೋ ಇಲ್ಲವೋ ಬೆರಳಲ್ಲಿ ನೋಡಬೇಡಿ, ಟಾರ್ಚ್ ಹಾಕಿ ನೋಡಿ. ಯು ಬೋಲ್ಟ್ ಹಾಕಿ ನಾಲ್ಕು ನಟ್ಟನ್ನು ಅಡ್ಡಡ್ಡಲಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ನಾಲ್ಕೂ ಕಡೆ ನಟ್ಟಿನ ಕೆಳಗೆ ಉಳಿದ ಥ್ರೆಡ್ ಸಮ ಇರಬೇಕು. ಕೊನೇ ಬಿಗಿ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳುವ ಅಳತೆಗೆ, ಟಾರ್ಕ್ ರೆಂಚಿನಲ್ಲಿ. ಜಿಪ್ಸಿಯಲ್ಲಿ ಯು ಬೋಲ್ಟಿನ ತುದಿಗಳು ಕೆಳಗೆ ನೇತಾಡುತ್ತವೆ, ಕಲ್ಲಿಗೆ ಮೊದಲು ಉಜ್ಜುವ ಜಾಗ ಅದೂ ಒಂದು. ಎರಡು ಮೂರು ಥ್ರೆಡ್ ಬಿಟ್ಟು ಉಳಿದದ್ದನ್ನು ಕತ್ತರಿಸಿ, ತುದಿಗೆ ಗ್ರೀಸ್ ಹಚ್ಚಿ. ಆದರೆ ಕತ್ತರಿಸುವುದು ಮರು ಬಿಗಿ ಆದ ಮೇಲೆ.

ಶಾಕಲ್ ಮತ್ತು ಸ್ಥಿರ ಪಿನ್‌ಗಳನ್ನು ಗಾಡಿ ಗಾಳಿಯಲ್ಲಿ ಇರುವಾಗ ಪೂರ್ತಿ ಬಿಗಿ ಮಾಡಬೇಡಿ. ಇದನ್ನು ಬಹಳ ಮೆಕ್ಯಾನಿಕ್‌ಗಳು ಲೆಕ್ಕಕ್ಕೇ ಇಡುವುದಿಲ್ಲ. ಜೋಲುವ ಸ್ಥಿತಿಯಲ್ಲಿ ಬಿಗಿ ಮಾಡಿದರೆ ರಬ್ಬರ್ ಬುಷ್ ಆ ಕೋನಕ್ಕೆ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿದಾಗ ರಬ್ಬರ್ ತಿರುಚಿಕೊಂಡೇ ನಿಂತು, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಚಕ್ರ ಹಾಕಿ, ಗಾಡಿ ನೆಲಕ್ಕಿಳಿಸಿ, ಬಂಪರ್ ಹಿಡಿದು ನಾಲ್ಕು ಸಲ ಕುಣಿಸಿ, ಆಮೇಲೆ ಬಿಗಿ ಮಾಡಿ.

ಮುಂದಿನ ಆಕ್ಸಲ್

ಬಿಚ್ಚುವ ಕ್ರಮ ಅದೇ, ಈ ಸಲ ಮರದ ತುಂಡು ಹಿಂದಿನ ಚಕ್ರಕ್ಕೆ. ಮುಂದಿನ ಸ್ಟೆಬಿಲೈಸರ್ ಕಂಬಿ ಇದ್ದರೆ ಅದರ ಲಿಂಕ್ ಕಳಚಿ. ಬಿಚ್ಚುವ ಮೊದಲು ಸ್ಟೀರಿಂಗ್ ನೇರ ಇರುವಾಗ ಸ್ಟೀರಿಂಗ್ ಚಕ್ರದ ನೆತ್ತಿಗೆ ಒಂದು ಟೇಪ್ ಅಂಟಿಸಿ.

ಈಗ ಆ ಇನ್ನೊಂದು ತೊಂದರೆ. ಮುಂದಿನ ಶಾಕಲ್ ಮುಂತುದಿಯಲ್ಲಿದೆ ಅಂದೆನಲ್ಲ, ಅದು ಉದ್ದವಾದರೆ ಸ್ಪ್ರಿಂಗಿನ ಮುಂತುದಿ ಮಾತ್ರ ಕೆಳಗೆ ಹೋಗುತ್ತದೆ. ಆಕ್ಸಲ್ ಮುಂದಕ್ಕೆ ಉರುಳುತ್ತದೆ. ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರಬೇಕಾದದ್ದು ನೆಟ್ಟಗಾಗುತ್ತದೆ. ಇದೇ ಕ್ಯಾಸ್ಟರ್ ಕಡಿಮೆಯಾಗುವುದು. ಪರಿಣಾಮ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಹೈವೇಯಲ್ಲಿ ಗಾಡಿ ಅತ್ತಿತ್ತ ಹರಿದಾಡುತ್ತದೆ.

ಇದಕ್ಕೆ ಓರೆ ಶಿಮ್. ಜಿಪ್ಸಿಯಲ್ಲಿ ಆಕ್ಸಲ್ ಮೇಲೆ, ಪ್ಲೇಟ್ ಕೆಳಗೆ. ಆದ್ದರಿಂದ ಶಿಮ್‌ನ ದಪ್ಪ ತುದಿ ಗಾಡಿಯ ಮುಂದಕ್ಕೆ ಬರಬೇಕು, ಆಗ ಆಕ್ಸಲ್ ಹಿಂದಕ್ಕೆ ಉರುಳಿ ಕ್ಯಾಸ್ಟರ್ ಜಾಸ್ತಿಯಾಗುತ್ತದೆ. ಪ್ಲೇಟ್ ಆಕ್ಸಲ್ ಮೇಲೆ ಇರುವ ಬೇರೆ ಗಾಡಿಯ ಚಿತ್ರ ನೋಡಿ ಹಾಕಿದರೆ ಪೂರ್ತಿ ಉಲ್ಟಾ ಆಗುತ್ತದೆ. 2 ಇಂಚಿನ ಲಿಫ್ಟಿಗೆ 2ರಿಂದ 3 ಡಿಗ್ರಿ ಶಿಮ್ ಸಾಮಾನ್ಯವಾಗಿ ಸಾಕು. ಆಸೆಗೆ ಬಿದ್ದು ಜಾಸ್ತಿ ಕೊಡಬೇಡಿ. ಆಕ್ಸಲ್ ಹಿಂದಕ್ಕೆ ಉರುಳಿದಷ್ಟೂ ಹೌಸಿಂಗಿನ ಮೂತಿ ಕೆಳಗಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳುವ ವ್ಯವಹಾರ ಇದು. ಶಿಮ್ ದಪ್ಪಕ್ಕೆ ತಕ್ಕ ಹಾಗೆ ಸೆಂಟರ್ ಬೋಲ್ಟಿನ ತಲೆಯೂ ಎತ್ತರ ಇರಲಿ.

ಗಾಡಿ ಇಳಿಸಿದ ಮೇಲೆ ಸ್ಟೀರಿಂಗಿನ ಟೇಪ್ ಪಕ್ಕಕ್ಕೆ ಹೋಗಿರುವುದು ಕಾಣುತ್ತದೆ. ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಓರೆಯಾಗಿದ್ದರಿಂದ ಹಾಗೆ. ಕೆಲವರು ಸ್ಟೀರಿಂಗ್ ಚಕ್ರವನ್ನೇ ಕಿತ್ತು ನೇರ ಮಾಡಿ ಕೂರಿಸುತ್ತಾರೆ, ಅದು ತಪ್ಪು. ಸ್ಟೀರಿಂಗ್ ಬಾಕ್ಸ್ ಒಳಗೆ ಮಧ್ಯದಲ್ಲಿ ಬಿಗಿ ಇರುವ ಒಂದು ಜಾಗವಿದೆ, ನೇರ ಓಡುವಾಗ ಅದು ಅಲ್ಲೇ ಇರಬೇಕು. ಡ್ರ್ಯಾಗ್ ಲಿಂಕ್‌ನ ಹೊಂದಾಣಿಕೆ ನಟ್ ಸಡಿಲಿಸಿ, ಉದ್ದ ಬದಲಿಸಿ, ಟೇಪ್ ನೆತ್ತಿಗೆ ಬರುವ ಹಾಗೆ ಮಾಡಿ.

ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಕ್ಯಾಂಬರ್‌ಗೂ ಬಿಲ್ ಹಾಕುತ್ತಾರೆ, ಹುಷಾರು. ಗಟ್ಟಿ ಆಕ್ಸಲ್‌ನಲ್ಲಿ ತಿರುಗಿಸಲು ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು) ಹೊಂದಾಣಿಕೆಯೇ ಇಲ್ಲ. ಲಿಫ್ಟಿನಿಂದ ಟೋ (ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಬದಲಾಗುವುದಿಲ್ಲ, ಆದರೂ ಟೈ ರಾಡ್ ಬಿಚ್ಚಿದ್ದರೆ ನೋಡಿಸಿ. ಕ್ಯಾಸ್ಟರ್ ಎಷ್ಟಿದೆ ಅಂತ ಮಾತ್ರ ತಪ್ಪದೇ ಅಳೆಸಿ.

ರಸ್ತೆಗೆ ಬಿಡುವ ಮೊದಲು

ಶಾಸಿ ಸ್ಟ್ಯಾಂಡ್ ಮೇಲಿರುವಾಗ, ಆಕ್ಸಲ್ ಪೂರ್ತಿ ಜೋಲುತ್ತಿರುವಾಗ ಪ್ರತಿ ಬ್ರೇಕ್ ಹೋಸ್ ಮುಟ್ಟಿ ನೋಡಿ. ತಂತಿಯಂತೆ ಬಿಗಿಯಾಗಿದ್ದರೆ ಉದ್ದದ್ದು ಹಾಕಲೇಬೇಕು. ಮುಂದೆ ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿ ನೋಡಿ. ಹೋಸ್ ಬದಲಿಸಿದರೆ ಬ್ರೇಕಿನ ಗಾಳಿ ತೆಗೆಯಿರಿ. ಆಕ್ಸಲ್ ಬ್ರೀದರ್ ಪೈಪಿಗೂ ಸಡಿಲ ಇರಲಿ. ಅದನ್ನು ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿಬಿಟ್ಟರೆ ಹಳ್ಳ ದಾಟುವಾಗ ಹೌಸಿಂಗ್ ನೀರು ಕುಡಿಯುವುದಿಲ್ಲ.

ಅದೇ ಸ್ಥಿತಿಯಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಎಲ್ಲಾದರೂ ಕ್ರಾಸ್ (ಶಾಫ್ಟಿನ ತುದಿಯ ಕೀಲು) ಸಿಕ್ಕಿಕೊಂಡರೆ ಕೋನ ಮೀರಿದೆ. ನೀವು ಎಳೆದ ಬಿಳಿ ಗೆರೆ ಎಷ್ಟು ಹೊರಗೆ ಬಂದಿದೆ ನೋಡಿ. ಸ್ಲೈಡಿಂಗ್ ಜಾಯಿಂಟಿನ ಹಲ್ಲು (ಸ್ಪ್ಲೈನ್) ಒಳಗೆ ಉಳಿದದ್ದು ತೀರಾ ಕಡಿಮೆ ಅನ್ನಿಸಿದರೆ ಲೇತ್‌ನವರ ಹತ್ತಿರ ಶಾಫ್ಟ್ ಉದ್ದ ಮಾಡಿಸಿ ಬ್ಯಾಲೆನ್ಸ್ ಮಾಡಿಸಿ. ಗಾಡಿ ಇಳಿಸಿದ ಮೇಲೆ ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜ್ ಮತ್ತು ಹಿಂದಿನ ಹೌಸಿಂಗಿನ ಫ್ಲ್ಯಾಂಜ್ ಎರಡರ ಕೋನ ನೋಡಿ. ಎರಡೂ ಹತ್ತಿರ ಹತ್ತಿರ ಸಮ ಇರಬೇಕು. ಇಲ್ಲದಿದ್ದರೆ 50, 60ರ ವೇಗದಲ್ಲಿ ಕೆಳಗಿನಿಂದ ಗುಂಯ್ ಅನ್ನುವ ನಡುಕ ಬರುತ್ತದೆ. ಆದರೆ ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸ್‌ನಿಂದ ಬೇರೆಯಾಗಿ ರಬ್ಬರ್ ಮೌಂಟಿನ ಮೇಲೆ ಕೂತಿದೆ. ಅದರ ರಬ್ಬರ್ ಹರಿದಿದ್ದರೂ ಅದೇ ನಡುಕ. ಶಾಫ್ಟಿಗೆ ದುಡ್ಡು ಸುರಿಯುವ ಮೊದಲು ಆ ಮೌಂಟ್ ನೋಡಿ.

ಹೆಡ್‌ಲೈಟ್ ಮರೆಯಬೇಡಿ, ಮೂತಿ ಎತ್ತರವಾದ ಮೇಲೆ ಬೆಳಕು ಎದುರಿನವನ ಕಣ್ಣಿಗೇ ಹೋಗುತ್ತದೆ. ಟೈರ್ ದೊಡ್ಡದು ಹಾಕಿದ್ದರೆ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ. 215/75ರಲ್ಲಿ 60 ಅಂದರೆ ನಿಜವಾಗಿ 63, 235/75ರಲ್ಲಿ ಸುಮಾರು 66.

ಮೊದಲ ಓಟ ಖಾಲಿ ರಸ್ತೆಯಲ್ಲಿ, ನಿಧಾನಕ್ಕೆ. ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುತ್ತದಾ, ಸ್ಟೀರಿಂಗ್ ಬಿಟ್ಟರೆ ವಾಪಸ್ ಬರುತ್ತದಾ, ಪೂರ್ತಿ ತಿರುಗಿಸಿದಾಗ ಟೈರ್ ಎಲ್ಲಾದರೂ ಉಜ್ಜುತ್ತದಾ ನೋಡಿ. ಉಜ್ಜಿದ ಗುರುತು ನಿಂತ ಗಾಡಿಯಲ್ಲಿ ಕಾಣುವುದಿಲ್ಲ, ಒಂದು ಚಕ್ರ ದಿಬ್ಬದ ಮೇಲೆ ಹತ್ತಿಸಿ ನೋಡಬೇಕು. 100 ಕಿ.ಮೀ. ಆದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ. ಹೊಸ ಪ್ಲೇಟುಗಳು ಒಂದರ ಮೇಲೊಂದು ಕೂತು ದಪ್ಪ ಕಡಿಮೆಯಾಗುವುದರಿಂದ ಅವು ಸಡಿಲವಾಗಿಯೇ ಇರುತ್ತವೆ. 500ಕ್ಕೆ ಇನ್ನೊಮ್ಮೆ. ಆಮೇಲೆ ಪ್ರತಿ ದೊಡ್ಡ ಓಡಾಟದ ನಂತರ ಒಂದು ಕಣ್ಣು ಹಾಯಿಸಿ. 500ರ ಹೊತ್ತಿಗೆ ಹಬ್‌ನಿಂದ ಮಡ್‌ಗಾರ್ಡಿನ ಎತ್ತರ ಮತ್ತೆ ಅಳೆಯಿರಿ. ಮೊದಲ ದಿನಕ್ಕಿಂತ ಸ್ವಲ್ಪ ಇಳಿದಿರುತ್ತದೆ, ಅದು ಸರಿ. ಒಂದು ಮೂಲೆ ಮಾತ್ರ ಜಾಸ್ತಿ ಇಳಿದಿದ್ದರೆ ಆ ಸೆಟ್ಟನ್ನು ಅಂಗಡಿಗೆ ವಾಪಸ್ ಕೊಡಿ.

ಹಳೇ ಪ್ಲೇಟು, ಶಾಕಲ್, ಶಾಕ್ ಎಲ್ಲವನ್ನೂ ಗುಜರಿಗೆ ಹಾಕದೆ ಎಣ್ಣೆ ಸವರಿ ಒಂದು ಮೂಲೆಯಲ್ಲಿಡಿ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಆ ದಿನ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕಾದದ್ದು ಕಂಪನಿ ಎತ್ತರದ ಜಿಪ್ಸಿ.